ಕಾಲೇಜು ತಂಡದ ಹೊಸ್ತಿಲಲ್ಲಿ: ಹಾಕಿ ಪ್ರಶ್ನೋತ್ತರ

ಶಾಲೆ ಮುಗಿಸಿ ಕಾಲೇಜು ತಂಡ ಸೇರಬೇಕೆಂದಿರುವ ಹಾಕಿ ಆಟಗಾರರ ಪತ್ರಗಳನ್ನೇ ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ತೆರನಾದ ಪ್ರಶ್ನೆಗಳನ್ನು ಕೂಡಿಸಿದ್ದೇವೆ, ಉದ್ದವಾದವನ್ನು ಚುಟುಕಾಗಿಸಿದ್ದೇವೆ.

ಪ್ರಶ್ನೆ: ನಾನು ಫಾರ್ವರ್ಡ್. ಶಾಲಾ ಪಂದ್ಯಗಳಲ್ಲಿ ಇಬ್ಬರು ಮೂವರನ್ನು ಡ್ರಿಬಲ್ ಮಾಡಿ ದಾಟುತ್ತೇನೆ, ಗೋಲೂ ಹೊಡೆಯುತ್ತೇನೆ. ಆದರೂ ಎರಡು ಕಾಲೇಜುಗಳ ಟ್ರಯಲ್ಸ್‌ನಲ್ಲಿ ಮೊದಲ ಸುತ್ತಿನಲ್ಲೇ ಹೊರಬಿದ್ದೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಚೆಂಡು ಸ್ಟಿಕ್ಕಿಗೆ ಬಂದ ಮೇಲೆ ಏನು ಮಾಡುತ್ತೀರಿ ಎಂದು ಬರೆದಿದ್ದೀರಿ. ಆಯ್ಕೆ ಮಾಡುವವರು ನೋಡುವುದು ಚೆಂಡು ಬರುವುದಕ್ಕೆ ಎರಡು ಸೆಕೆಂಡ್ ಮುಂಚೆ ಏನು ಮಾಡುತ್ತೀರಿ ಎಂಬುದನ್ನು. ಲೆಕ್ಕ ಹಾಕಿ ನೋಡಿ: ಪಂದ್ಯ 60 ನಿಮಿಷ, ಮೈದಾನದಲ್ಲಿ 22 ಜನ. ಚೆಂಡು ಒಂದು ಕ್ಷಣವೂ ನಿಲ್ಲದೆ ಆಟದಲ್ಲೇ ಇದ್ದರೂ ಒಬ್ಬರ ಪಾಲಿಗೆ ಮೂರು ನಿಮಿಷ ಬರುವುದಿಲ್ಲ. ಉಳಿದ 57 ನಿಮಿಷ ನೀವು ಎಲ್ಲಿ ನಿಂತಿದ್ದಿರಿ, ಯಾರಿಗೆ ಜಾಗ ಬಿಟ್ಟುಕೊಟ್ಟಿರಿ, ಚೆಂಡು ಕಳೆದುಕೊಂಡಾಗ ಕೈ ಚೆಲ್ಲಿ ನಿಂತಿರಾ ಅಥವಾ ತಿರುಗಿ ಓಡಿದಿರಾ, ಇವೇ ಅವರ ಪುಸ್ತಕದಲ್ಲಿ ದಾಖಲಾಗುವುದು.

ಶಾಲಾ ಮಟ್ಟದಲ್ಲಿ ಇಬ್ಬರನ್ನು ದಾಟಿದರೆ ಮುಂದೆ ಬಯಲು. ಕಾಲೇಜು ಮಟ್ಟದಲ್ಲಿ ಮೊದಲನೆಯವನು ನಿಮ್ಮನ್ನು ಬೇಕೆಂದೇ ಒಂದು ಬದಿಗೆ ತಳ್ಳುತ್ತಾನೆ, ಎರಡನೆಯವನು ಅಲ್ಲೇ ಕಾದಿರುತ್ತಾನೆ. ಹಾಗಾಗಿ ಡ್ರಿಬಲ್‌ಗಿಂತ ಚೆಂಡನ್ನು ಪಡೆಯುವ ರೀತಿಯೇ ದೊಡ್ಡದು. ಅದನ್ನು ಬಿಡಿಸಿ ಹೇಳುತ್ತೇವೆ.

ಪಾಸ್ ಕೊಡುವವನು ತಲೆ ತಗ್ಗಿಸಿ ಚೆಂಡಿನತ್ತ ನೋಡಿದನೆಂದರೆ ಪಾಸ್ ಬರಲಿದೆ ಎಂದರ್ಥ. ಆ ಹೊತ್ತಿಗೆ ನಿಮ್ಮ ಎರಡೂ ಹೆಗಲಾಚೆ ಒಮ್ಮೆ ಕಣ್ಣು ಹಾಯಿಸಿ ಮುಗಿದಿರಬೇಕು. ಚೆಂಡು ಅರ್ಧ ದಾರಿಯಲ್ಲಿರುವಾಗ ಇನ್ನೊಂದು ನೋಟ. ನಿಲ್ಲುವುದು ಅರೆ ತಿರುಗಿ: ಚೆಂಡೂ ಕಾಣಬೇಕು, ಎದುರಾಳಿಯ ಗೋಲೂ ಕಣ್ಣಂಚಿನಲ್ಲಿರಬೇಕು. ಎಡಗೈ ಚೆಂಡು ಬರುವ ದಿಕ್ಕಿಗೆ ತುಸು ಮುಂದಿರಲಿ; ಆಗ ಸ್ಟಿಕ್ ಮುಂದಕ್ಕೆ ವಾಲಿ, ಚೆಂಡು ಅದರ ಅಡಿಗೆ ಸಿಕ್ಕಿಬೀಳುತ್ತದೆ. ಸ್ಟಿಕ್ ನೆಟ್ಟಗಿದ್ದರೆ ಚೆಂಡು ಪುಟಿಯುತ್ತದೆ, ಹಿಂದಕ್ಕೆ ವಾಲಿದ್ದರೆ ಮೈಮೇಲೇ ಹಾರುತ್ತದೆ. ಬಲಗೈ ಹಿಡಿತ ಸಡಿಲವಾಗಿರಲಿ. ಬಿಗಿ ಹಿಡಿದರೆ ಚೆಂಡು ಗೋಡೆಗೆ ತಾಗಿದಂತೆ ಒಂದು ಮೀಟರ್ ಹಿಂದಕ್ಕೆ ಚಿಮ್ಮುತ್ತದೆ, ಆ ಒಂದು ಮೀಟರ್ ಡಿಫೆಂಡರ್‌ನ ಸೊತ್ತು.

ಇನ್ನು ಮೊದಲ ಸ್ಪರ್ಶ. ಚೆಂಡನ್ನು ಎರಡು ಪಾದಗಳ ನಡುವೆ ನಿಲ್ಲಿಸಿಕೊಳ್ಳುವುದು ನಾವು ಎಲ್ಲೆಡೆ ಕಾಣುವ ತಪ್ಪು. ಅಲ್ಲಿಂದ ಹಿಟ್ ಮಾಡಲಾಗದು, ಪಾಸ್ ಕೊಡಲಾಗದು. ಹೊರತೆಗೆಯಲು ಇನ್ನೊಂದು ಸ್ಪರ್ಶ ಬೇಕು, ಟ್ಯಾಕಲ್ ಆಗುವುದು ಆ ಸ್ಪರ್ಶದ ವೇಳೆಯಲ್ಲೇ. ಮೊದಲ ಸ್ಪರ್ಶದಲ್ಲೇ ಚೆಂಡು ಬಲಪಾದದ ಮುಂದೆ, ಸ್ಟಿಕ್ ಚಾಚಿದಷ್ಟು ದೂರಕ್ಕೆ ಹೋಗಿರಬೇಕು.

ಅಭ್ಯಾಸಕ್ಕೆ ಮೂವರು ಸಾಕು. ಒಬ್ಬರು 15 ಮೀಟರ್ ದೂರದಿಂದ ಪಾಸ್ ಕೊಡಲಿ. ಇನ್ನೊಬ್ಬರು ನಿಮ್ಮ ಹಿಂದೆ 10 ಮೀಟರ್ ದೂರ ನಿಂತು ಪ್ರತಿ ಪಾಸ್‌ಗೂ ಬೇರೆ ಬೇರೆ ಸಂಖ್ಯೆಯ ಬೆರಳು ಎತ್ತಲಿ. ಚೆಂಡು ಸ್ಟಿಕ್ಕಿಗೆ ತಾಗುವ ಮೊದಲು ಆ ಸಂಖ್ಯೆಯನ್ನು ಕೂಗಬೇಕು. ಹತ್ತರಂತೆ ಐದು ಸುತ್ತು, ವಾರಕ್ಕೆ ಮೂರು ದಿನ. ಮೊದಲ ವಾರ ಚೆಂಡೂ ತಪ್ಪುತ್ತದೆ, ಸಂಖ್ಯೆಯೂ ತಪ್ಪುತ್ತದೆ. ಇರಲಿ, ಬಿಡಬೇಡಿ.

ಟ್ರಯಲ್ಸ್‌ನಲ್ಲಿ ಡ್ರಿಬಲ್ ಮಾಡಲೇಬಾರದೇ? ಮಾಡಿ, ಎದುರಾಳಿಯ ಕೊನೆಯ 23 ಮೀಟರ್‌ನಲ್ಲಿ ಮಾಡಿ. ಅಲ್ಲಿ ಕಳೆದುಕೊಂಡರೆ ನಷ್ಟ ಕಡಿಮೆ, ಗೆದ್ದರೆ ಪೆನಾಲ್ಟಿ ಕಾರ್ನರ್‌ (ಗೋಲಿನ ಬಳಿ ಎದುರಾಳಿ ತಪ್ಪು ಮಾಡಿದಾಗ ಸಿಗುವ ಹೊಡೆತದ ಅವಕಾಶ) ಆದರೂ ಸಿಗುತ್ತದೆ. ನಿಮ್ಮದೇ ಅರ್ಧದಲ್ಲಿ ಇಬ್ಬರನ್ನು ದಾಟಲು ಹೋಗುವವರನ್ನು ಕಂಡರೆ ಕೋಚ್‌ಗಳಿಗೆ ಎದೆ ಢವಢವ ಎನ್ನುತ್ತದೆ.

ಪ್ರಶ್ನೆ: ಹೊಸ ಸ್ಟಿಕ್ ಕೊಳ್ಳಬೇಕು. ಕಾರ್ಬನ್ ಹೆಚ್ಚಿದ್ದಷ್ಟೂ ಒಳ್ಳೆಯದು ಎನ್ನುತ್ತಾರೆ, ಲೋ ಬೋ ತಗೋ ಎನ್ನುತ್ತಾರೆ. ನನ್ನ ಎತ್ತರ 5 ಅಡಿ 6 ಇಂಚು, ಆಡುವುದು ಹಾಫ್ ಸ್ಥಾನದಲ್ಲಿ.

ಉತ್ತರ: ನಿಮ್ಮ ಎತ್ತರಕ್ಕೆ 36.5 ಇಂಚಿನದು ಸರಿ. ಪಕ್ಕದಲ್ಲಿ ನಿಲ್ಲಿಸಿಕೊಂಡು ನೋಡಿ, ತುದಿ ಸೊಂಟದ ಮೂಳೆಯ ಮಟ್ಟಕ್ಕೆ ಬರಬೇಕು. ಅದಕ್ಕಿಂತ ಉದ್ದವಾದರೆ ಡ್ರಿಬಲ್ ಮಾಡುವಾಗ ತುದಿ ಹೊಟ್ಟೆಗೆ ಚುಚ್ಚುತ್ತದೆ, ಗಿಡ್ಡವಾದರೆ ಬೆನ್ನು ಬಾಗುತ್ತದೆ.

ಕಾರ್ಬನ್ ಹೆಚ್ಚಾದಷ್ಟೂ ಸ್ಟಿಕ್ ಗಡುಸು. ಹಿಟ್‌ಗೆ ಬಲ ಬರುತ್ತದೆ ನಿಜ, ಆದರೆ ಜೋರಾಗಿ ಬಂದ ಚೆಂಡನ್ನು ತಡೆದಾಗ ಅದೇ ಗಡುಸುತನ ಚೆಂಡನ್ನು ಚಿಮ್ಮಿಸುತ್ತದೆ. ಹಾಫ್ ಸ್ಥಾನದಲ್ಲಿ ದಿನವಿಡೀ ಮಾಡುವ ಕೆಲಸ ಚೆಂಡು ಹಿಡಿದು ಹಂಚುವುದು. ಆದ್ದರಿಂದ ಮಧ್ಯಮ ಪ್ರಮಾಣದ ಕಾರ್ಬನ್ ಇರುವುದೇ ವಾಸಿ ಎಂಬುದು ನಮ್ಮ ಅಭಿಪ್ರಾಯ, ಅಂಗಡಿಯವರು ಏನೇ ಹೇಳಲಿ.

ಬೋ ಎಂದರೆ ಸ್ಟಿಕ್‌ನ ಬಾಗು. ನಿಯಮದ ಪ್ರಕಾರ ಅದು 25 ಮಿಲಿಮೀಟರ್ ಮೀರಬಾರದು. ಲೋ ಬೋನಲ್ಲಿ ಈ ಬಾಗು ತಲೆಯ ಹತ್ತಿರಕ್ಕೆ ಇಳಿದಿರುತ್ತದೆ. ಡ್ರ್ಯಾಗ್ ಫ್ಲಿಕ್‌ಗೆ (ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿ ಎಳೆದು ಗೋಲಿನತ್ತ ಎಸೆಯುವುದಕ್ಕೆ), ಚೆಂಡು ಎತ್ತುವುದಕ್ಕೆ ಅದು ಅನುಕೂಲ. ನೇರ ಹಿಟ್ ಮಾಡುವಾಗ ಮಾತ್ರ ಮಣಿಕಟ್ಟು ಒಂದಿಷ್ಟು ತೆರೆದರೂ ಚೆಂಡು ಮೇಲೇಳುತ್ತದೆ. ಡ್ರ್ಯಾಗ್ ಫ್ಲಿಕ್ ನಿಮ್ಮ ಕೆಲಸವಲ್ಲದಿದ್ದರೆ ಮಿಡ್ ಬೋ ಸಾಕು. ತೂಕದ ಗರಿಷ್ಠ ಮಿತಿ 737 ಗ್ರಾಂ. ಈಗಿನ ಸ್ಟಿಕ್‌ಗಳು ಅದಕ್ಕಿಂತ ಎಷ್ಟೋ ಹಗುರ, ಆ ಚಿಂತೆ ಬೇಡ. ಟ್ರಯಲ್ಸ್‌ಗೆ ಹೊಚ್ಚ ಹೊಸ ಸ್ಟಿಕ್ ಒಯ್ಯಬೇಡಿ. ಕನಿಷ್ಠ ಮೂರು ವಾರ ಆಡಿ ಕೈಗೆ ಒಗ್ಗಿರಬೇಕು.

ಪ್ರಶ್ನೆ: ನಾವು ಆಡುವುದು ಮಣ್ಣಿನ ಮೈದಾನದಲ್ಲಿ. ಟ್ರಯಲ್ಸ್ ಟರ್ಫ್ ಮೇಲೆ ನಡೆಯುತ್ತದೆ. ಹೇಗೆ ಸಿದ್ಧವಾಗುವುದು?

ಉತ್ತರ: 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಮೊದಲ ಬಾರಿಗೆ ಕೃತಕ ಹುಲ್ಲಿನ ಮೇಲೆ ನಡೆದಾಗ ಅನುಭವಿ ತಂಡಗಳೇ ತಡಬಡಾಯಿಸಿದ್ದವು. ನಿಮಗೆ ಅಳುಕು ಇರುವುದು ಸಹಜ.

ಮಣ್ಣಿನಲ್ಲಿ ಚೆಂಡು ಯಾವಾಗ ಪುಟಿಯುತ್ತದೋ ಗೊತ್ತಿಲ್ಲ, ಅದಕ್ಕೇ ಸ್ಟಿಕ್ ನೆಟ್ಟಗೆ ಹಿಡಿದು ತಡೆಯುವ ರೂಢಿ ಬೆಳೆದಿರುತ್ತದೆ. ನೀರು ಹಾಯಿಸಿದ ಟರ್ಫ್ ಮೇಲೆ ಚೆಂಡು ನೆಲಕ್ಕಂಟಿಕೊಂಡು, ಬಲು ಜೋರಾಗಿ ಬರುತ್ತದೆ. ಹಾಗಾಗಿ ಮಂಡಿ ಚೆನ್ನಾಗಿ ಬಗ್ಗಿಸಿ ಸ್ಟಿಕ್ಕನ್ನು ನೆಲಕ್ಕೆ ಅಡ್ಡವಾಗಿ ಮಲಗಿಸಿ ತಡೆಯುವುದನ್ನು, ಮುಖ್ಯವಾಗಿ ರಿವರ್ಸ್ ಬದಿಯಲ್ಲಿ (ಸ್ಟಿಕ್ ತಿರುಗಿಸಿ ಆಡುವ ನಿಮ್ಮ ಎಡಗಡೆ), ಈಗಿನಿಂದಲೇ ಕಲಿಯಿರಿ. ನುಣುಪಾದ ಸಿಮೆಂಟ್ ನೆಲ ಸಿಕ್ಕರೆ ಅಲ್ಲಿ ಅಭ್ಯಾಸ ಮಾಡಬಹುದು. ಹಳೆಯ ಸ್ಟಿಕ್ ಬಳಸಿ, ಕೆಳಗಿನ ಅಂಚಿಗೆ ಟೇಪ್ ಸುತ್ತಿ. ಇಲ್ಲದಿದ್ದರೆ ವಾರದೊಳಗೆ ನಾರು ಎದ್ದುಬರುತ್ತದೆ.

ಶೂ ವಿಷಯದಲ್ಲಿ ಫುಟ್‌ಬಾಲ್‌ನ ಉದ್ದ ಸ್ಟಡ್ ಬೇಡವೇ ಬೇಡ. ಅದು ಟರ್ಫ್‌ನಲ್ಲಿ ಕಚ್ಚಿಕೊಂಡು, ಪಾದ ನಿಂತಲ್ಲೇ ನಿಂತು ಮಂಡಿ ಮಾತ್ರ ತಿರುಗುತ್ತದೆ. ಅಡಿಯಲ್ಲಿ ಸಣ್ಣ ಸಣ್ಣ ರಬ್ಬರ್ ಗುಬುಟುಗಳಿರುವ ಟರ್ಫ್ ಶೂ ಬೇಕು. ಮೊದಲ ಕೆಲವು ದಿನ ಮೀನಖಂಡ ಹಿಡಿದುಕೊಳ್ಳುತ್ತದೆ. ಆದ್ದರಿಂದ ಟ್ರಯಲ್ಸ್‌ಗೆ ಮುಂಚೆ ಎರಡು ಮೂರು ಸಲವಾದರೂ ಟರ್ಫ್ ಮೇಲೆ ಓಡಿಬನ್ನಿ. ಬಿದ್ದು ಚರ್ಮ ಕಿತ್ತರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಉದಾಸೀನ ಮಾಡಿದರೆ ಕೀವಾಗುತ್ತದೆ.

ಒಂದು ನಿಯಮವನ್ನೂ ಇಲ್ಲೇ ಹೇಳಿಬಿಡುತ್ತೇವೆ, ಟರ್ಫ್‌ನ ವೇಗದಲ್ಲಿ ಅದನ್ನು ಮರೆಯುವವರು ಬಹಳ. ಎದುರಾಳಿಯ 23 ಮೀಟರ್ ಗೆರೆಯೊಳಗೆ ಸಿಕ್ಕ ಫ್ರೀ ಹಿಟ್ಟನ್ನು ನೇರವಾಗಿ ಡಿ (ಗೋಲಿನ ಮುಂದಿನ ಅರ್ಧವೃತ್ತ) ಒಳಗೆ ಹೊಡೆಯುವಂತಿಲ್ಲ. ಚೆಂಡು ಕನಿಷ್ಠ 5 ಮೀಟರ್ ಚಲಿಸಿರಬೇಕು, ಇಲ್ಲವೇ ಎದುರು ತಂಡದ ಆಟಗಾರರಿಗೆ ತಾಗಿರಬೇಕು. ನೀವೇ ಚೆಂಡು ತಳ್ಳಿಕೊಂಡು ಹೊರಡಬಹುದು. ಹೊರಡಿ, ಆದರೆ ಆ 5 ಮೀಟರ್ ಆಗುವ ಮುಂಚೆ ಡಿಗೆ ಕಳಿಸಿ ಹಿಟ್ ಕಳೆದುಕೊಳ್ಳಬೇಡಿ.

ಪ್ರಶ್ನೆ: ಒಂದು ವರ್ಷದಿಂದ ಡ್ರ್ಯಾಗ್ ಫ್ಲಿಕ್ ಅಭ್ಯಾಸ ಮಾಡುತ್ತಿದ್ದೇನೆ. ಚೆಂಡಿಗೆ ವೇಗವೇ ಬರುವುದಿಲ್ಲ, ಸೊಂಟದ ಮೇಲ್ಭಾಗ ನೋಯುತ್ತದೆ. ದಿನಕ್ಕೆ ನೂರು ಹೊಡೆಯುತ್ತೇನೆ. ವಯಸ್ಸು 17.

ಉತ್ತರ: ಮೊದಲು ಆ ನೂರನ್ನು ನಿಲ್ಲಿಸಿ. ಪೂರ್ಣ ಬಲದ ಫ್ಲಿಕ್ ದಿನಕ್ಕೆ 30, ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನ ಬಿಡುವು. ನೋವು ಎರಡು ವಾರಕ್ಕೂ ಹೆಚ್ಚು ಇದ್ದರೆ, ಒಂದೇ ಬದಿಯಲ್ಲಿದ್ದರೆ, ಹಿಂದಕ್ಕೆ ಬಾಗಿದಾಗ ಚುಚ್ಚಿದಂತಾದರೆ ವೈದ್ಯರಿಗೆ ತೋರಿಸದೆ ಸ್ಟಿಕ್ ಮುಟ್ಟಬೇಡಿ. ಬೆಳೆಯುವ ವಯಸ್ಸಿನಲ್ಲಿ ಬೆನ್ನನ್ನು ಬಾಗಿಸಿ ತಿರುಗಿಸುವ ಆಟಗಳಲ್ಲಿ ಬೆನ್ನುಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬೀಳುವುದುಂಟು. ಮುಲಾಮು ಹಚ್ಚಿ ಅದನ್ನು ವಾಸಿ ಮಾಡಲಾಗದು.

ವೇಗ ಬರದಿರುವುದು, ಬೆನ್ನು ನೋಯುವುದು ಎರಡರ ಮೂಲವೂ ಬಹುಮಟ್ಟಿಗೆ ಒಂದೇ: ಚೆಂಡನ್ನು ತೀರ ಮುಂದೆ ಎತ್ತಿಕೊಳ್ಳುವುದು. ಡ್ರ್ಯಾಗ್ ಎಂದರೆ ಎಳೆತ. ಎಳೆತ ಉದ್ದವಾದಷ್ಟೂ ವೇಗ. ಬಲಗಾಲನ್ನು ಎಡಗಾಲಿನ ಹಿಂದಿನಿಂದ ದಾಟಿಸಿ ಊರುತ್ತೀರಲ್ಲ, ಆಗ ಸ್ಟಿಕ್ ಚೆಂಡನ್ನು ಆ ಬಲಪಾದದ ಹತ್ತಿರವೇ ಹಿಡಿಯಬೇಕು. ಅಲ್ಲಿಂದ ಎಡಗಾಲು ದೊಡ್ಡ ಹೆಜ್ಜೆ ಹಾಕುತ್ತದೆ, ಚೆಂಡು ಸ್ಟಿಕ್ಕಿಗೆ ಅಂಟಿಕೊಂಡೇ ಎಡಪಾದವನ್ನು ದಾಟಿ ಬಿಡುಗಡೆಯಾಗುತ್ತದೆ. ನೀವು ಎಡಪಾದದ ಪಕ್ಕದಲ್ಲಿ ಚೆಂಡು ಹಿಡಿದರೆ ಎಳೆಯಲು ಉಳಿಯುವುದು ಗೇಣುದ್ದ. ಆ ಕೊರತೆಯನ್ನು ತುಂಬಲು ಬೆನ್ನನ್ನು ಝಾಡಿಸುತ್ತೀರಿ.

ಎಡಪಾದದ ಬೆರಳು ಎತ್ತ ನೋಡುತ್ತಿದೆ ಎಂದು ಮೊಬೈಲಿನಲ್ಲಿ ಪಕ್ಕದಿಂದ ಚಿತ್ರೀಕರಿಸಿ ನೋಡಿ. ಸೈಡ್‌ಲೈನ್ ಕಡೆಗೆ ಅಡ್ಡವಾಗಿದ್ದರೆ ಸೊಂಟಕ್ಕೆ ತಿರುಗಲು ಎಡೆಯಿಲ್ಲ. ಗೋಲಿನ ಕಡೆಗೆ ಓರೆಯಾಗಿ ತೆರೆದಿರಲಿ. ಬಗ್ಗುವುದು ಮಂಡಿ ಮತ್ತು ಸೊಂಟದಿಂದ, ಬೆನ್ನಿನಿಂದಲ್ಲ. ತಿರುಗುವ ಕ್ರಮ ಸೊಂಟ, ಆಮೇಲೆ ಹೆಗಲು, ಕೊನೆಗೆ ಕೈ. ಎಲ್ಲಕ್ಕಿಂತ ಮೊದಲು ಕೈ ಹೊರಟರೆ ಚೆಂಡು ಸ್ಟಿಕ್‌ನಿಂದ ಜಾರಿ ಹೊರಗೋಡುತ್ತದೆ.

ಒಂದು ತಿಂಗಳು ಓಟವಿಲ್ಲದೆ, ಆ ದಾಟು ಹೆಜ್ಜೆ ಮತ್ತು ಊರು ಹೆಜ್ಜೆ ಎರಡನ್ನಷ್ಟೇ ಅರ್ಧ ಬಲದಲ್ಲಿ ಮಾಡಿ. ವೇಗ ನೋಡಬೇಡಿ, ಚೆಂಡು ಸ್ಟಿಕ್ಕಿಗೆ ಎಷ್ಟು ಉದ್ದ ಅಂಟಿತ್ತು ಎಂದು ನೋಡಿ.

ಇನ್ನೊಂದು ಮಾತು. ಕಾಲೇಜು ತಂಡವೊಂದಕ್ಕೆ ಫ್ಲಿಕ್ ಮಾಡುವವರು ಇಬ್ಬರು ಸಾಕು. ಪೆನಾಲ್ಟಿ ಕಾರ್ನರ್ ವೇಳೆ ಗೋಲಿನ ಪಕ್ಕದ ಬ್ಯಾಕ್ ಲೈನ್‌ನಿಂದ ಚೆಂಡನ್ನು ಪ್ರತಿ ಸಲವೂ ಒಂದೇ ಜಾಗಕ್ಕೆ, ಪುಟಿಯದಂತೆ ತಳ್ಳಿಕೊಡುವವರು, ಅದನ್ನು ಡಿ ಹೊರಗೆ ಅಲುಗಾಡದಂತೆ ನಿಲ್ಲಿಸುವವರು ಸಿಗುವುದೇ ಕಷ್ಟ. ಬೆನ್ನು ಸುಧಾರಿಸುವ ತನಕ ಆ ಕೆಲಸ ಕಲಿತಿಟ್ಟುಕೊಳ್ಳಿ.

ಪ್ರಶ್ನೆ: ದಿನಾ ಬೆಳಿಗ್ಗೆ 8 ಕಿಲೋಮೀಟರ್ ಓಡುತ್ತೇನೆ. ಆದರೂ ಪಂದ್ಯದಲ್ಲಿ ಎರಡನೇ ಕ್ವಾರ್ಟರ್ ಹೊತ್ತಿಗೆ ಏದುಸಿರು. ಯಾಕೆ?

ಉತ್ತರ: ನೀವು ಪಳಗಿಸುತ್ತಿರುವುದು ಒಂದೇ ಹದದ ಓಟವನ್ನು, ಹಾಕಿಯಲ್ಲಿ ಅಂಥ ಓಟವೇ ಇಲ್ಲ. ಇಲ್ಲಿ 15 ಮೀಟರ್ ಸಿಡಿದು, ನಿಂತು, ತಿರುಗಿ, ಹತ್ತು ಹೆಜ್ಜೆ ನಡೆದು ಮತ್ತೆ ಸಿಡಿಯಬೇಕು, ಅದೂ ಬಗ್ಗಿಕೊಂಡು. ಬದಲಿ ಆಟಗಾರರು ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಹೋಗಬಹುದಾದ್ದರಿಂದ ಕೋಚ್‌ಗೆ ಬೇಕಿರುವುದು ಆರೇಳು ನಿಮಿಷ ಉರಿದು, ಎರಡು ನಿಮಿಷ ಕೂತು, ಮತ್ತೆ ಉರಿಯುವವರು.

ಅನೇಕ ತಂಡಗಳು ಯೋ-ಯೋ ಪರೀಕ್ಷೆ ಇಡುತ್ತವೆ: 20 ಮೀಟರ್ ಹೋಗಿ ಬರುವುದು, 10 ಸೆಕೆಂಡ್ ವಿರಾಮ, ಬೀಪ್ ಕೇಳಿದಂತೆ ವೇಗ ಏರುತ್ತದೆ. ಮೊದಲ ಹಂತದ ಪರೀಕ್ಷೆ ಗಂಟೆಗೆ 10 ಕಿಲೋಮೀಟರ್ ವೇಗದಿಂದ ಶುರುವಾಗುತ್ತದೆ. ಇದರಲ್ಲಿ ಸೋಲುವವರಲ್ಲಿ ಎಷ್ಟೋ ಮಂದಿಗೆ ಉಸಿರು ಸಾಲದೆ ಅಲ್ಲ, ಗೆರೆಯ ಬಳಿ ತಿರುಗುವುದು ಗೊತ್ತಿಲ್ಲದೆ. ಮೂರು ನಾಲ್ಕು ಸಣ್ಣ ಹೆಜ್ಜೆಯಲ್ಲಿ ವೇಗ ತಗ್ಗಿಸಿ, ಬಗ್ಗಿ, ಒಂದು ಸಲ ಎಡಗಾಲು ಒಂದು ಸಲ ಬಲಗಾಲು ಊರಿ ತಿರುಗಿ. ಒಂದೇ ಕಾಲಲ್ಲಿ ತಿರುಗುತ್ತಿದ್ದರೆ ಆ ತೊಡೆ ಬೇಗ ಕೈಕೊಡುತ್ತದೆ.

8 ಕಿಲೋಮೀಟರನ್ನು ವಾರಕ್ಕೆ ಒಂದು ದಿನಕ್ಕೆ ಇಳಿಸಿ. ಎರಡು ದಿನ 15 ಸೆಕೆಂಡ್ ಜೋರಾಗಿ, 15 ಸೆಕೆಂಡ್ ನಡಿಗೆ, ಹೀಗೆ ಎಂಟು ನಿಮಿಷ. ಮೂರು ನಿಮಿಷ ವಿಶ್ರಾಂತಿ. ಮತ್ತೆ ಎಂಟು ನಿಮಿಷ. ಕೈಯಲ್ಲಿ ಸ್ಟಿಕ್ ಇರಲಿ. ತೊಡೆಯ ಹಿಂಭಾಗಕ್ಕೆ: ಮಂಡಿಯೂರಿ ಕೂತು, ಯಾರಾದರೂ ಹಿಮ್ಮಡಿ ಒತ್ತಿ ಹಿಡಿಯಲಿ, ದೇಹ ನೆಟ್ಟಗಿಟ್ಟು ಆದಷ್ಟು ನಿಧಾನವಾಗಿ ಮುಂದಕ್ಕೆ ವಾಲುತ್ತಾ ಹೋಗಿ ಕೈ ಊರಿ. ಐದರಂತೆ ಎರಡು ಸುತ್ತಿನಿಂದ ಆರಂಭ. ಮರುದಿನ ಕೂರಲು ಏಳಲು ಆಗದಷ್ಟು ನೋಯುತ್ತದೆ, ಆದ್ದರಿಂದ ಟ್ರಯಲ್ಸ್‌ನ ಹಿಂದಿನ ಮೂರು ದಿನ ಇದನ್ನು ಮಾಡಬೇಡಿ.

ಪ್ರಶ್ನೆ: ನಾನು ಎಡಚ. ಹಾಕಿಯಲ್ಲಿ ಇದು ಅಡ್ಡಿಯೇ?

ಉತ್ತರ: ಎಡಗೈ ಸ್ಟಿಕ್‌ಗೆ ನಿಯಮದಲ್ಲೇ ಅವಕಾಶವಿಲ್ಲ, ಎಲ್ಲರದೂ ಒಂದೇ ತರಹದ ಸ್ಟಿಕ್. ಅದರಲ್ಲಿ ಮೇಲಿದ್ದು ತಿರುಗಿಸುವುದು ಎಡಗೈ, ಬಲಗೈ ಬರೀ ಕೊಳವೆಯಂತೆ ಹಿಡಿದಿರುತ್ತದೆ. ಹಾಗಾಗಿ ನಿಮಗೆ ಲಾಭವೇ. ಚಾಚಿ ಮಾಡುವ ಒಂಟಿಗೈ ಟ್ಯಾಕಲ್ ಕೂಡ ಎಡಗೈಯದೇ.

ಇನ್ನೂ ಒಂದು ಕಿವಿಮಾತು, ಇದು ಎಡಚರಿಗಷ್ಟೇ ಅಲ್ಲ. ಚಪ್ಪಟೆ ಬದಿ ಒಂದೇ ಆದ್ದರಿಂದ ಮೈದಾನದ ಎಡಬದಿಯಲ್ಲಿ ಆಡುವುದು ಎಲ್ಲರಿಗೂ ಕಷ್ಟ. ಚೆಂಡು ಒಳಕ್ಕೆ ಕಳಿಸಬೇಕೆಂದರೆ ರಿವರ್ಸ್ ಬೇಕು, ಇಲ್ಲವೇ ಕಾಲು ಸುತ್ತಿಸಿಕೊಂಡು ಬರಬೇಕು. ಅದಕ್ಕೇ ಎಡ ಹಾಫ್, ಎಡ ವಿಂಗ್ ಎಂದರೆ ಹಿಂದೆ ಸರಿಯುವವರೇ ಜಾಸ್ತಿ. ಬಲಬದಿಗೆ ಹತ್ತು ಜನ ಸಾಲು ನಿಂತಿರುವಾಗ ‘ಎಡಬದಿಯಲ್ಲೂ ಆಡುತ್ತೇನೆ’ ಎನ್ನುವವರ ಹೆಸರಿನ ಮುಂದೆ ಗುರುತು ಬೀಳುತ್ತದೆ.

ಪ್ರಶ್ನೆ: ಗೋಲ್‌ಕೀಪರ್‌ಗೆ ಟ್ರಯಲ್ಸ್‌ನಲ್ಲಿ ಏನು ನೋಡುತ್ತಾರೆ? ನನ್ನ ಸೇವ್‌ಗಳು ಚೆನ್ನಾಗಿವೆ ಎನ್ನುತ್ತಾರೆ.

ಉತ್ತರ: ಸೇವ್ ಆದ ಮೇಲೆ ಚೆಂಡು ಎಲ್ಲಿ ಹೋಯಿತು ಎಂದು ನೋಡುತ್ತಾರೆ. ಪ್ಯಾಡ್‌ಗೆ ತಾಗಿ ಪೆನಾಲ್ಟಿ ಸ್ಪಾಟ್ ಕಡೆಗೆ ಹೋದರೆ ಅದು ಅರ್ಧ ಸೇವ್. ಕಿಕ್ಕರ್‌ನ (ಗೋಲ್‌ಕೀಪರ್ ಶೂ ಮೇಲೆ ಕಟ್ಟುವ ಕವಚ) ಒಳಬದಿಯಿಂದ, ತಲೆಯನ್ನು ಚೆಂಡಿನ ಮೇಲೆ ತಂದು, ಡಿ ಆಚೆ ಬದಿಗೆ ಕಳಿಸಿ. ಹಿಂದಕ್ಕೆ ವಾಲಿ ಒದ್ದರೆ ಚೆಂಡು ಮೇಲೇಳುತ್ತದೆ, ಅಪಾಯಕಾರಿ ಎಂದು ಅಂಪೈರ್ ಪೆನಾಲ್ಟಿ ಕಾರ್ನರ್ ಕೊಡಬಹುದು.

ಶೂಟೌಟ್ ಇಟ್ಟೇ ಇಡುತ್ತಾರೆ. ಆಟಗಾರ 23 ಮೀಟರ್ ಗೆರೆಯಿಂದ ಹೊರಡುತ್ತಾನೆ, ಅವನಿಗಿರುವುದು 8 ಸೆಕೆಂಡ್. ಸಮಯ ನಿಮ್ಮ ಕಡೆಗಿದೆ, ಆದರೂ ಮೊದಲು ಬೀಳುವವರು ನೀವೇ ಆಗುತ್ತೀರಿ! ಸೀಟಿ ಊದುತ್ತಲೇ ಮುಂದೆ ನುಗ್ಗಿ, ಆಮೇಲೆ ಕಾಲ ಮೇಲೆ ನಿಂತೇ ಅವನನ್ನು ಅವನ ರಿವರ್ಸ್ ಬದಿಗೆ, ಅಂದರೆ ನಿಮ್ಮ ಬಲಕ್ಕೆ, ಸರಿಸುತ್ತಾ ಹೋಗಿ. ಐದು ಸೆಕೆಂಡ್ ನಿಂತರೆ ಅವನ ಕೈ ನಡುಗತೊಡಗುತ್ತದೆ.

ಪ್ರಶ್ನೆ: ಮಗಳು ದೂರದ ಕಾಲೇಜುಗಳ ಕೋಚ್‌ಗಳಿಗೆ ವಿಡಿಯೊ ಕಳಿಸಬೇಕೆಂದಿದ್ದಾಳೆ. ನಾನೇ ಪತ್ರ ಬರೆದುಕೊಡಲೇ?

ಉತ್ತರ: ಬೇಡಮ್ಮ, ಅವಳೇ ಬರೆಯಲಿ. ತಾಯಿ ಬರೆದ ಪತ್ರ ಎಂದು ಎರಡನೇ ಸಾಲಿಗೇ ಗೊತ್ತಾಗುತ್ತದೆ. ಹತ್ತು ಸಾಲು ಸಾಕು: ಹೆಸರು, ಹುಟ್ಟಿದ ವರ್ಷ, ಕಾಲೇಜು ಸೇರುವ ವರ್ಷ, ಆಡುವ ಸ್ಥಾನ, ಎತ್ತರ, ಓದಿನ ಅಂಕ, ಈಗಿನ ಕೋಚ್‌ನ ಹೆಸರು (ಅವರನ್ನು ಕೇಳಿಯೇ ಹಾಕಿ), ಮುಂದಿನ ಎರಡು ತಿಂಗಳಲ್ಲಿ ಎಲ್ಲಿ ಯಾವ ದಿನ ಆಡುತ್ತಾಳೆ ಎಂಬುದು. ಸೇರುವುದಕ್ಕೆ ವರ್ಷ, ಒಂದೂವರೆ ವರ್ಷ ಮುಂಚೆಯೇ ಕಳಿಸುವುದು ಒಳ್ಳೆಯದು. ಒಂದೇ ಪತ್ರವನ್ನು ಇಪ್ಪತ್ತು ಕಡೆ ಕಳಿಸಿ, ಒಂದರಲ್ಲಿ ಇನ್ನೊಂದು ಕಾಲೇಜಿನ ಹೆಸರು ಉಳಿಸಿಬಿಡುವವರಿದ್ದಾರೆ. ಅಂಥ ಪತ್ರ ಓದದೆ ಅಳಿಸಿಹೋಗುತ್ತದೆ.

ವಿಡಿಯೊ ಮೂರು ನಾಲ್ಕು ನಿಮಿಷ. ಮಧ್ಯದ ಗೆರೆಯ ನೇರಕ್ಕೆ, ಸ್ವಲ್ಪ ಎತ್ತರದಿಂದ ತೆಗೆಯಿರಿ. ಮುಖ ಕಾಣುವಷ್ಟು ಹತ್ತಿರ ಎಳೆಯಬೇಡಿ, ಸುತ್ತಲಿನ ಆಟಗಾರರು ಕಾಣಬೇಕು. ಪ್ರತಿ ತುಣುಕಿನ ಆರಂಭದಲ್ಲಿ ಒಂದು ಕ್ಷಣ ನಿಲ್ಲಿಸಿ ಅವಳ ಸುತ್ತ ಒಂದು ವೃತ್ತ ಎಳೆಯಿರಿ. ತುಣುಕು ಶುರುವಾಗುವುದು ಚೆಂಡು ಅವಳಿಗೆ ಸಿಗುವ ಐದು ಸೆಕೆಂಡ್ ಮುಂಚೆಯಿಂದ. ಬರೀ ಗೋಲುಗಳನ್ನೇ ಪೋಣಿಸಿದರೆ ಪ್ರಯೋಜನವಿಲ್ಲ. ಚೆಂಡು ಕಳೆದುಕೊಂಡು, ಹಿಂದೆ ಓಡಿ ಮತ್ತೆ ಕಸಿದುಕೊಂಡ ಒಂದು ತುಣುಕಾದರೂ ಇರಲಿ. ಜೊತೆಗೆ ಕತ್ತರಿ ಹಾಕದ ಒಂದು ಪೂರ್ತಿ ಕ್ವಾರ್ಟರ್. ಹಿನ್ನೆಲೆ ಸಂಗೀತ ಹಾಕಿದರೆ ಕೋಚ್ ಮೊದಲು ಮಾಡುವ ಕೆಲಸ ಸದ್ದು ಅಡಗಿಸುವುದು.

ಉತ್ತರ ಬಂದರೆ ಅವಳು ಕೇಳಬೇಕಾದ ಮುಖ್ಯ ಪ್ರಶ್ನೆ: ತನ್ನ ಸ್ಥಾನದಲ್ಲಿ ಈಗ ಎಷ್ಟು ಜನ ಇದ್ದಾರೆ, ಅವರು ಯಾವ ವರ್ಷದಲ್ಲಿ ಓದುತ್ತಿದ್ದಾರೆ? ಮೂವರು ಮೊದಲ ವರ್ಷದವರಿದ್ದರೆ ಅವಳು ಎರಡು ವರ್ಷ ಬೆಂಚಿನ ಮೇಲೆ. ಅಭ್ಯಾಸದ ಹೊತ್ತು ಪ್ರಯೋಗಾಲಯದ ಹೊತ್ತಿಗೆ ಅಡ್ಡ ಬರುತ್ತದೆಯೇ ಎಂದೂ ಕೇಳಲಿ.

ಪ್ರಶ್ನೆ: ಮೌತ್‌ಗಾರ್ಡ್ ಹಾಕಿದರೆ ಮಾತಾಡಲು ಆಗುವುದಿಲ್ಲ. ನಾನು ಫುಲ್‌ಬ್ಯಾಕ್, ಕೂಗುತ್ತಲೇ ಇರಬೇಕು. ತೆಗೆದಿಟ್ಟರೆ ಆಗದೇ?

ಉತ್ತರ: ಆಗದು. ಚೆಂಡಿನ ತೂಕ 156ರಿಂದ 163 ಗ್ರಾಂ, ಗಟ್ಟಿ ಪ್ಲಾಸ್ಟಿಕ್. ತಪ್ಪು ನಿಮ್ಮ ಮೌತ್‌ಗಾರ್ಡ್ ಕೂರಿಸಿದ ರೀತಿಯಲ್ಲಿದೆ. ಬಿಸಿನೀರಿನಲ್ಲಿ ಅದ್ದಿ ಕಚ್ಚಿ ಕೂರಿಸುವಂಥದ್ದಾದರೆ, ಪೊಟ್ಟಣದ ಮೇಲೆ ಬರೆದಷ್ಟೇ ಸೆಕೆಂಡ್ ಅದ್ದಿ, ಮೇಲಿನ ಹಲ್ಲಿಗೆ ಒತ್ತಿ ಕಚ್ಚಿ, ಗಾಳಿಯನ್ನು ಬಲವಾಗಿ ಒಳಗೆಳೆದುಕೊಳ್ಳಿ, ಹೊರಗಿನಿಂದ ತುಟಿಯ ಮೇಲೆ ಬೆರಳಿನಿಂದ ಒತ್ತಿ. ತಣ್ಣೀರಿಗೆ ಹಾಕಿ ನೋಡಿ. ಬಾಯಿ ತೆರೆದಾಗ ತಾನೇ ಬಿದ್ದರೆ ಇನ್ನೊಮ್ಮೆ ಮಾಡಿ. ಹಿಂದಿನ ತುದಿ ಗಂಟಲಿಗೆ ಒತ್ತಿದರೆ ಕತ್ತರಿಯಿಂದ ಚೂರೇ ಚೂರು ಕತ್ತರಿಸಿ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿದ್ದರೆ ಮಾತ್ರ ಇದನ್ನೆಲ್ಲ ಮಾಡದೆ ದಂತವೈದ್ಯರಿಂದಲೇ ಮಾಡಿಸಿ. ಆಮೇಲೆ ಒಂದು ವಾರ ಮನೆಯಲ್ಲಿ ಅದನ್ನು ಹಾಕಿಕೊಂಡೇ ಪಾಠ ಓದಿ ಹೇಳಿ. ಫುಲ್‌ಬ್ಯಾಕ್‌ಗೆ ಬೇಕಾದ ಮಾತಾದರೂ ಎಷ್ಟು? ‘ಎಡಕ್ಕೆ’, ‘ಬಲಕ್ಕೆ’, ‘ಹಿಂದೆ ಇದ್ದಾನೆ’, ‘ಬಿಡು’.